ಗಂಟು ಒಂದು ಗಾಡಿಗೆ, ಜೀವ ಒಂದು ಗಾಡಿಗೆ

ಬಾದಾಮಿಯಿಂದ ಬಾಗಲಕೋಟೆಗೆ ಹೇಗೆ ಹೋಗಬೇಕು ಎಂದು ಯಾರಾದರೂ ಕೇಳಿದರೆ ನನ್ನ ಅಕ್ಕ ಉತ್ತರ ಹೇಳುವ ಮೊದಲು ತಾನೇ ಒಂದು ಪ್ರಶ್ನೆ ಕೇಳುತ್ತಿದ್ದಳು. “ಅವಸರ ಐತೇನ್ರಿ?”

ಅವಳದು ಬಾದಾಮಿಯ ಬಸ್ ನಿಲ್ದಾಣದ ಹತ್ತಿರ ನಾಲ್ಕು ಮೇಜಿನ ರೊಟ್ಟಿ ಖಾನಾವಳಿ. ಗುಹೆ ನೋಡಲು ಬಂದವರು, ಬನಶಂಕರಿಗೆ ಹರಕೆ ತೀರಿಸಲು ಬಂದವರು, ಕ್ಯಾಮೆರಾ ನೇತುಹಾಕಿಕೊಂಡ ಪರದೇಶದವರು, ಎಲ್ಲರೂ ಅಲ್ಲಿ ಉಂಡು, ಕೈ ತೊಳೆಯುತ್ತ ಜಿಲ್ಲಾ ಕೇಂದ್ರದ ದಾರಿ ಕೇಳುತ್ತಿದ್ದರು. ನಮ್ಮ ಭಾಗದವರಿಗೆ ಜಿಲ್ಲಾ ಕೇಂದ್ರವೇ ರಾಜಧಾನಿ. ಬೆಂಗಳೂರು ಟಿವಿಯಲ್ಲಿ ಕಾಣುವ ಊರು, ಅಷ್ಟೇ. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳುತ್ತಿದ್ದಳು: “ಅವಸರ ಇದ್ರ ಬಸ್ಸು ಹತ್ರಿ. ಇಲ್ಲಾಂದ್ರ ರೈಲು ಛಲೋ, ಆದ್ರ ಟೇಸನ್ನು ಊರ ಹೊರಗ ಐತಿ, ಟಂಟಂ ಹಿಡೀಬೇಕು. ನಾಕೈದು ಮಂದಿ ಇದ್ರ ಕಾರ ಮಾಡ್ಕೊಂಡ ಹೋಗ್ರಿ. ಏನರ ಮಾಡ್ರಿ, ಗಂಟು ಒಂದು ಗಾಡಿಗೆ, ಜೀವ ಒಂದು ಗಾಡಿಗೆ ಮಾತ್ರ ಹಾಕಬ್ಯಾಡ್ರಿ.”

ಕೊನೆಯ ಮಾತು ಪ್ರವಾಸಿಗರಿಗೆ ಹೇಳಿದ್ದಲ್ಲ, ನಮ್ಮ ಅಪ್ಪನಿಗೆ ಚುಚ್ಚಿದ್ದು. ನಾವು ಬನಹಟ್ಟಿಯ ನೇಕಾರರು. ಸೀರೆ ನೇಯುವುದು ನಮ್ಮ ಕೆಲಸ, ಅದನ್ನು ಊರೂರಿನ ಅಂಗಡಿಗೆ ಮುಟ್ಟಿಸುವುದು ಬಸ್ಸಿನ ಡ್ರೈವರನ ಕೆಲಸ. ನೇಯ್ದ ಸೀರೆಗಳನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಗುರುತಿನ ಡ್ರೈವರನ ಸೀಟಿನ ಹಿಂದಿಟ್ಟು, ಇಂಥ ಊರಲ್ಲಿ ಇಂಥವರು ಬಂದು ಇಳಿಸಿಕೊಳ್ಳುತ್ತಾರೆ ಎಂದು ಹೇಳಿದರೆ ಮುಗಿಯಿತು. ಚೀಟಿ ಇಲ್ಲ, ರಸೀದಿ ಇಲ್ಲ. ಇಳಿಸಿಕೊಳ್ಳುವವರು ಬರದಿದ್ದರೆ ಗಂಟು ಅದೇ ಬಸ್ಸಿನಲ್ಲಿ ಹೊಳ್ಳಿ ಮನೆಗೆ ಬರುತ್ತದೆ. ನಲವತ್ತು ವರ್ಷದಲ್ಲಿ ತನ್ನ ಒಂದು ಗಂಟೂ ಕಳೆದಿಲ್ಲ ಎಂದು ಅಪ್ಪ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. “ನನ್ನ ಲಗ್ನಾದ ಮ್ಯಾಲ ನನ್ನೂ ಡ್ರೈವರನ ಸೀಟಿನ ಹಿಂದ ಇಟ್ಟು ಕಳಸಾಂವ ಇದ್ದ ನಮ್ಮಪ್ಪ,” ಎಂದು ಅಕ್ಕ ನಗುತ್ತಿದ್ದಳು. ಅಪ್ಪನೂ ನಗುತ್ತಿದ್ದ. ಅವಳನ್ನು ಬಿಟ್ಟು ಬೇರೆ ಯಾರು ಹಾಗೆ ಅಂದಿದ್ದರೂ ಕೈಯಲ್ಲಿದ್ದ ಲಾಳಿ ಹಾರಿ ಬರುತ್ತಿತ್ತು.

ಆ ದಿನ ನಾಗರಪಂಚಮಿಗೆ ಇನ್ನು ನಾಲ್ಕೇ ದಿನ ಇತ್ತು. ನಮ್ಮಲ್ಲಿ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರಲೇಬೇಕು. ಅಕ್ಕನನ್ನು ಕರೆತರಲು ಮರುದಿನ ನಾನು ಬಾದಾಮಿಗೆ ಹೋಗುವವನಿದ್ದೆ. ನಾನು ಜಮಖಂಡಿಯ ಕಚೇರಿಯೊಂದರಲ್ಲಿ ಗುಮಾಸ್ತ, ಮಗ್ಗ ಬಿಟ್ಟವನು. ಅವ್ವ ತೀರಿದ ಮೇಲೆ ಮನೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಸುತ್ತಲಿನ ಮನೆಗಳಲ್ಲೆಲ್ಲ ಪವರ್‌ಲೂಮು ಗಡಗಡ ಎನ್ನುವಾಗ ಅಪ್ಪನದೊಂದು ಕೈಮಗ್ಗ ಹಟಕ್ಕೆ ಬಿದ್ದು ಉಳಿದುಕೊಂಡಿತ್ತು. ಪ್ರತಿ ಪಂಚಮಿಗೆ ಅದರ ಮೇಲೆ ಅಕ್ಕನಿಗೊಂದು ಸೀರೆ. ಈ ಸಲ ಅವಳೇ ಫೋನಿನಲ್ಲಿ ಹೇಳಿದ್ದಳು: “ಹಸರ ಮೈ, ಕೆಂಪು ದಡಿ. ಹತ್ತೀದ ಇರ್ಲಿ ಅಪ್ಪಾ, ದಿನಾ ಒಲಿ ಮುಂದ ಕುಂದ್ರಾಕಿ ನಾ. ಪಾಲಿಸ್ಟರು ನನ್ನ ಮೈಗಿ ಆಗಿ ಬರಂಗಿಲ್ಲ.” ಮೈ ಮುಗಿದಿತ್ತು. ಸೆರಗು ಎರಡು ಗೇಣು ಬಾಕಿ ಇತ್ತು.

ಬೆಳಿಗ್ಗೆ ಒಂಬತ್ತಕ್ಕೆ ಅಕ್ಕನ ಗಂಡನ ಫೋನು ಬಂತು. ನಸುಕಿನಲ್ಲಿ ಹಿಟ್ಟು ನಾದುತ್ತ ಕೂತವಳು ಎದೆ ಹಿಡಿದುಕೊಂಡಳಂತೆ. ನೀರು ಕೇಳಿದಳಂತೆ. ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ನಾನು ಏನು ಕೇಳಿದೆನೋ ನೆನಪಿಲ್ಲ. ಅವರು ಹೇಳಿದ್ದು ಮಾತ್ರ ನೆನಪಿದೆ. “ಮಳಿ ಭಾಳ ಐತಿ. ಹಿರ್ಯಾರು ಲಗೂನ ಎತ್ತೂಣು ಅನ್ನಾಕತ್ತಾರ. ಐದರ ಮ್ಯಾಲ ನಿಲ್ಲಸಾಕ ನನ್ನ ಕೈಲೆ ಆಗಂಗಿಲ್ಲ. ತವರಿನ ಸೀರಿ ತಗೊಂಡು ನೀ ಜಲ್ದಿ ಬಾ.”

ಗಂಡನಿರುವ ಹೆಣ್ಣುಮಗಳು ತೀರಿಕೊಂಡರೆ ಮೈಮೇಲೆ ಕೊನೆಗೆ ಹೊದಿಸುವುದು ತವರಿನ ಸೀರೆ. ಅದು ಬರುವವರೆಗೆ ಹೆಣ ಕಾಯುತ್ತದೆ. ಆದರೆ ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ನಾನು ಅಂಗಿ ತೊಟ್ಟುಕೊಂಡು, “ನಡಿ ಯಪ್ಪಾ, ದಾರ್‍ಯಾಗ ಒಂದು ಸೀರಿ ತಗೊಂಡು ಹೋಗೂಣು,” ಎಂದೆ. ಅಪ್ಪ ಅಷ್ಟರಲ್ಲಿ ಮಗ್ಗದ ಕುಣಿಗೆ ಇಳಿದು ಕೂತಿದ್ದ.

“ನಾ ಬರಂಗಿಲ್ಲ. ನೋಡಾಕ ಆಗಂಗಿಲ್ಲ ನನಗ.”

“ಸೀರಿ?”

“ಇದ ಸೀರಿ.”

“ಇದು ಮುಗಿಯೂದು ಯಾವಾಗ? ಐದಕ್ಕ ಎತ್ತತಾರ ಅಂತ ಹೇಳಲಿಲ್ಲೇನು? ಊರ ತುಂಬ ಸೀರಿ ಅದಾವಲ್ಲೋ ಯಪ್ಪಾ!”

ಅಪ್ಪ ನನ್ನ ಕಡೆ ನೋಡಲಿಲ್ಲ. “ನೇಕಾರನ ಮಗಳಿಗಿ ಅಂಗಡಿ ಸೀರಿ ಹೊದಸ್ತಾರೇನು? ನೀ ಮುಂದ ಹೋಗು, ತವರಿನವರು ಬಂದಾರ ಅಂದ್ರ ಅವರು ಎತ್ತಂಗಿಲ್ಲ. ಹನ್ನೆರಡಕ್ಕ ಇದು ಮುಗೀತೈತಿ. ಬಸ್ಸಿಗಿ ಹಾಕಿ ಕಳಸತೇನಿ, ಬಾಗಲಕೋಟ್ಯಾಗ ಇಳಿಸ್ಕೊ.”

ಅಷ್ಟು ಹೇಳಿ ಲಾಳಿ ಎಸೆದ. ಜಗಳಾಡಿ ಹೊತ್ತು ಕಳೆಯುವುದು ಬೇಡವೆಂದು ನಾನು ಒಪ್ಪಿಕೊಂಡೆ. ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುವುದು ಆ ಒಪ್ಪಿಗೆಗೆ. ಮೂರು ತಾಸು ಅಲ್ಲಿಯೇ ಕೂತಿದ್ದು ಸೀರೆ ಹಿಡಿದುಕೊಂಡೇ ಹೊರಟಿದ್ದರೆ ಇದನ್ನು ಬರೆಯುವ ಕೆಲಸ ಇರುತ್ತಿರಲಿಲ್ಲ.

ಬನಹಟ್ಟಿಯಿಂದ ಬಾಗಲಕೋಟೆಗೆ ಎರಡು ದಾರಿ. ಮುಧೋಳ, ಲೋಕಾಪುರದ ಮೇಲೆ ಒಂದು. ಜಮಖಂಡಿ, ಬೀಳಗಿಯ ಮೇಲೆ ಇನ್ನೊಂದು. ಎರಡರಲ್ಲೂ ಘಟಪ್ರಭಾ ಹೊಳೆ ದಾಟಬೇಕು. ಮುಧೋಳದ ಮುಂದಿನ ಸೇತುವೆ ತಗ್ಗಿನದು, ಮೇಲೆ ನೀರು ಬಿಟ್ಟರೆ ಮುಳುಗುತ್ತದೆ. ಬೀಳಗಿ ಕಡೆಯದು ಎತ್ತರದ್ದು. ಹಿಂದಿನ ದಿನವೇ ಮುಧೋಳದ ಸೇತುವೆಗೆ ನೀರು ಮೊಳದಷ್ಟು ದೂರ ಇದೆ ಎಂದು ಕಚೇರಿಯಲ್ಲಿ ಮಾತಾಡಿಕೊಂಡಿದ್ದೆವು. ಹಾಗಾಗಿ ಬಾಗಿಲು ದಾಟುವಾಗ ಅಪ್ಪನಿಗೆ ಕೂಗಿ ಹೇಳಿದೆ: “ಬೀಳಗಿ ಗಾಡಿಗೇ ಹಾಕು. ಮುಧೋಳ ಗಾಡಿಗಿ ಬ್ಯಾಡ.” ಒಳಗಿನಿಂದ ಲಾಳಿಯ ಸಪ್ಪಳ ಬಂತು. ಅದನ್ನೇ ಹೂಂ ಎಂದು ತಿಳಿದೆ.

ಬೈಕಿನಲ್ಲಿ ಜಮಖಂಡಿಗೆ ಹೋಗಿ, ಅದನ್ನು ಕಚೇರಿಯ ಮುಂದೆ ನಿಲ್ಲಿಸಿ, ಬೀಳಗಿ ಮೇಲಿನ ಬಸ್ಸು ಹತ್ತಿದೆ. ಕಿಟಕಿಯ ಗಾಜು ಸರಿಯುತ್ತಿರಲಿಲ್ಲ, ಮಳೆ ತೊಡೆಯ ಮೇಲೆ ಬೀಳುತ್ತಿತ್ತು. ಪಕ್ಕದಲ್ಲಿ ಕೂತವರು ಪಂಚಮಿಗೆ ಮಗಳನ್ನು ಕರೆತರಲು ಉಂಡಿ ಕಟ್ಟಿಕೊಂಡು ಹೊರಟಿದ್ದರು. “ನೀವೂ ಅಕ್ಕನ್ನೋ ತಂಗೀನೋ ಕರ್‍ಯಾಕ ಹೊಂಟೀರೇನ್ರಿ?” ಎಂದು ಕೇಳಿದರು. ಹೌದೆಂದೆ. ಇನ್ನೇನು ಹೇಳಲಿ?

ಹನ್ನೆರಡೂವರೆಗೆ ಬಾಗಲಕೋಟೆಯ ನಿಲ್ದಾಣದಲ್ಲಿದ್ದೆ. ಆಗಲೇ ಅಪ್ಪನ ಫೋನು. “ಆತು. ಮುಗೀತು. ಕಳಿಸೀನಿ.”

“ಬೀಳಗಿ ಗಾಡಿಗಿ ಹೌದಲ್ಲ?”

“ನಮ್ಮ ಡ್ರೈವರಗ ಕೊಟ್ಟೇನಿ. ನಿನ್ನ ನಂಬರೂ ಕೊಟ್ಟೇನಿ.”

ನಮ್ಮ ಡ್ರೈವರ ಎಂದರೆ ಅಪ್ಪನ ಗಂಟುಗಳನ್ನು ಎಷ್ಟೋ ವರ್ಷದಿಂದ ಒಯ್ಯುವವನು. ಅವನದು ಮುಧೋಳದ ಗಾಡಿ. ನಾನು ನಿಲ್ದಾಣದ ನಡುವೆ ನಿಂತು ಹುಚ್ಚನಂತೆ ಒದರಿದೆ. “ಬ್ಯಾಡ ಅಂತ ಹೇಳಿರಲಿಲ್ಲೇನು? ಹೊಳಿ ಬಂದೈತಿ ಅಂತ ಗೊತ್ತಿಲ್ಲೇನು ನಿನಗ?”

“ಬೀಳಗಿ ಗಾಡ್ಯಾಗ ಯಾರ ಗುರ್ತು ಅದಾರ ನನಗ?” ಅಪ್ಪನೂ ಒದರಿದ. “ನನ್ನ ಮಗಳ ಸೀರಿ ಯಾರರ ಕೈಯಾಗ ಕೊಟ್ಟು ಕಳಸ್ಲಿ? ನಲವತ್ತು ವರ್ಷದಾಗ ಒಂದು ಗಂಟು...” ಮುಂದಿನದನ್ನು ನಾನು ಕೇಳಲಿಲ್ಲ, ಫೋನು ಇಟ್ಟೆ. ನಮ್ಮ ಮಂದಿ ದಾರಿ ನಂಬುವುದಿಲ್ಲ, ಮನುಷ್ಯನನ್ನು ನಂಬುತ್ತಾರೆ. ಹೊಳೆಗೆ ಅದು ತಿಳಿಯಬೇಕಲ್ಲ.

ಎರಡಕ್ಕೆ ಹತ್ತು ನಿಮಿಷ ಇರುವಾಗ ಡ್ರೈವರನ ಫೋನು ಬಂತು. ಮುಧೋಳ ಕಡೆಯ ದಂಡೆಯಲ್ಲೇ ತಡೆದಿದ್ದಾರೆ, ನೀರು ಸೇತುವೆಗೆ ಹತ್ತಿದೆ, ಇಳಿದರೆ ಬಿಡುತ್ತಾರಂತೆ ಎಂದ. “ಯಾರರ ಕಡೆ ಕೊಟ್ಟು ದಾಟಸಾಕ ಬರತೈತೇನು?” ಎಂದೆ. “ಆ ದಂಡಿಗಿ ನೀವು ಬಂದು ನಿಂತ್ರ ಪೊಲೀಸರ ಕೈಲೆ ಕೊಟ್ಟು ನೋಡತೇನ್ರಿ. ಗುರ್ತಿಲ್ಲದವರ ಕೈಗಿ ಮಾತ್ರ ಕೊಡಂಗಿಲ್ಲ. ನಿಮ್ಮಪ್ಪಗ ಮಾತು ಕೊಟ್ಟೇನಿ,” ಎಂದ.

ಎದುರಿಗೆ ಬಾದಾಮಿಯ ಬಸ್ಸು ನಿಂತಿತ್ತು. ಕಂಡಕ್ಟರು ಕೂಗುತ್ತಿದ್ದ. ಅದನ್ನು ಹತ್ತಿದರೆ ಮೂರಕ್ಕೆ ಅಕ್ಕನ ಹತ್ತಿರ ಇರುತ್ತೇನೆ, ಕೈ ಖಾಲಿ. ರೈಲಿನ ಮಾತೇ ಇಲ್ಲ, ಅದು ಅವಸರವಿಲ್ಲದವರದು. ಇಲ್ಲವೇ ಬಾದಾಮಿಗೆ ಬೆನ್ನು ಹಾಕಿ ಲೋಕಾಪುರದ ಕಡೆ ಹೋಗಬೇಕು, ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಗಂಟಿಗಾಗಿ. ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿಟ್ಟೆ. “ಹತ್ತತೀರೋ ಇಳೀತೀರೋ?” ಎಂದ ಕಂಡಕ್ಟರು. ಇಳಿದೆ.

ಕಾರಿನವರ ಹತ್ತಿರ ಓಡಿದೆ. ರಜೆಯ ದಿನ, ಬಂದ ಕಾರೆಲ್ಲ ಬಾದಾಮಿಯ ಕಡೆಗೇ. ಒಬ್ಬ ನನ್ನನ್ನು ನೋಡಿದವನೇ, “ಗುಹಾ, ಬನಶಂಕರಿ, ಪಟ್ಟದಕಲ್ಲು ಎಲ್ಲಾ ತೋರಿಸ್ಕೊಂಡು ಬರ್ತೇನ್ರಿ, ಎಷ್ಟು ಮಂದಿ ಅದೀರಿ?” ಎಂದ. ನಾನು ಅವನ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. ಲೋಕಾಪುರ ಎಂದರೆ ಯಾರಿಗೂ ಬೇಡ. ಕಡೆಗೆ ನನ್ನಪ್ಪನ ವಯಸ್ಸಿನವರೊಬ್ಬರು, ಹಳೆಯ ಜೀಪಿಗೆ ಒರಗಿ ಚಹಾ ಕುಡಿಯುತ್ತಿದ್ದವರು, “ಏನಾಗೇತಿ ತಮ್ಮಾ?” ಎಂದರು. ಹೇಳಿದೆ. ಅವರು ಚಹಾ ಚೆಲ್ಲಿ, “ಕುಂದ್ರು,” ಎಂದರು.

ಆ ಜೀಪಿನಲ್ಲಿ ಕೂತ ಮೇಲೆ ನಾನು ಮೊದಲ ಸಲ ಅತ್ತೆ. ಬಾದಾಮಿಯಿಂದ ದೂರ ಹೋಗುತ್ತಿದ್ದೆ. ಅಕ್ಕ ಅಲ್ಲಿ ಅಂಗಳದಲ್ಲಿ ಕಾಯುತ್ತಿದ್ದಳು, ನಾನು ಇಲ್ಲಿ ಅವಳ ಕಡೆ ಬೆನ್ನು ಹಾಕಿ ಓಡುತ್ತಿದ್ದೆ. ಅವಳಿದ್ದಿದ್ದರೆ ಫೋನು ಮಾಡಿ ಕೇಳಬಹುದಿತ್ತು, ಇಂಥ ಹೊತ್ತಿನಲ್ಲಿ ಯಾವ ಗಾಡಿ ಹತ್ತಬೇಕು ಎಂದು. ಊರ ಮಂದಿಗೆಲ್ಲ ಹೇಳುತ್ತಿದ್ದಳಲ್ಲ.

ಲೋಕಾಪುರ ದಾಟಿ ಮುಂದೆ ಹೋದರೆ ರಸ್ತೆಯೇ ಮುಗಿದಿತ್ತು. ಕಬ್ಬಿನ ಹೊಲಗಳ ತುದಿ ಮಾತ್ರ ಕಾಣುತ್ತಿತ್ತು, ನಡುವೆ ಕೆಂಪು ನೀರು. ಸೇತುವೆಯ ಕಂಬಿಗಳ ಮೇಲೆ ಹುಲ್ಲು, ಕಸ ಸಿಕ್ಕಿಕೊಂಡಿತ್ತು. ಈಚೆ ಪೊಲೀಸರು, ಆಚೆಯೂ ಪೊಲೀಸರು. ಆಚೆ ದಂಡೆಯಲ್ಲಿ ಸಾಲಾಗಿ ಗಾಡಿಗಳು, ಅದರಲ್ಲಿ ಮೊದಲನೆಯದು ನಮ್ಮ ಡ್ರೈವರನ ಬಸ್ಸು. ನಾನು ಪೊಲೀಸರಿಗೆ ಕೈ ಮುಗಿದೆ. ಅವರಲ್ಲೊಬ್ಬರು ಬೈಯಲಿಲ್ಲ, ನೀರು ತೋರಿಸಿದರು. ಅಷ್ಟೇ.

ಡ್ರೈವರನಿಗೆ ಫೋನು ಮಾಡಿದೆ. ಅವನು ಬಸ್ಸಿನಿಂದಿಳಿದು ನೀರಿನ ಅಂಚಿಗೆ ಬಂದ. ಸಣ್ಣಗೆ ಕಾಣುತ್ತಿದ್ದ. ಬಿಳಿ ಗಂಟನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದನೋ ಏನೋ, ಧ್ವನಿ ಒಡೆದು ಬರುತ್ತಿತ್ತು.

“ಕಾಣತೈತೇನ್ರಿ?”

“ಕಾಣತೈತಿ.”

“ಒಟ್ಟ ತೋಯ್ದಿಲ್ಲರಿ. ಪ್ಲಾಸ್ಟಿಕ್ ಹಾಳಿ ಸುತ್ತೇನಿ.”

ಅಪ್ಪನ ಎರಡು ಗೇಣು ಸೆರಗು ಅಲ್ಲಿತ್ತು, ಒಂದು ಕೂಗಿನಷ್ಟು ದೂರ. ನಾನು ಕೈ ಎತ್ತಿದೆ. ಅವನು ಇನ್ನೂ ಗಂಟನ್ನು ಹಿಡಿದುಕೊಂಡೇ ನಿಂತಿದ್ದ. “ಗಾಡಿ ತಿರುಗಸಾಕ ಹೇಳ್ಯಾರ್ರಿ. ಏನ ಮಾಡ್ಲಿ?” ಎಂದ. “ಹೋಗ್ರಿ,” ಎಂದೆ. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ಹೊಳ್ಳಿ ಲೋಕಾಪುರಕ್ಕೆ ಬಂದಾಗ ಜೀಪಿನ ಹಿರಿಯರು ತಾವಾಗಿಯೇ ಬಟ್ಟೆ ಅಂಗಡಿಯೊಂದರ ಮುಂದೆ ನಿಲ್ಲಿಸಿದರು. “ಖಾಲಿ ಕೈಲೆ ಹೋಗಬ್ಯಾಡ ತಮ್ಮಾ. ಅದು ಇನ್ನೂ ಕೆಟ್ಟದ್ದು.” ಒಳಗೆ ಹೋಗಿ ಹಸಿರು ಸೀರೆ, ಕೆಂಪು ದಡಿ ಎಂದೆ. ಹತ್ತಿಯದು ಆ ಬಣ್ಣದಲ್ಲಿ ಇರಲಿಲ್ಲ. ಅಂಗಡಿಯವರು ಪಾಲಿಸ್ಟರಿನದೊಂದು ಬಿಚ್ಚಿ ಹರವಿದರು. “ತಗೋರಿ, ಬನಹಟ್ಟಿ ಮಾಲು. ನೀರಿಗಿ ಹಾಕಿದ್ರೂ ಬಣ್ಣ ಬಿಡಂಗಿಲ್ಲ,” ಎಂದರು. ಬನಹಟ್ಟಿಯವನಿಗೆ ಬನಹಟ್ಟಿ ಮಾಲು! ನಮ್ಮ ಓಣಿಯ ಯಾವುದೋ ಪವರ್‌ಲೂಮಿನದೇ ಇರಬೇಕು. ಅದನ್ನೇ ಎದೆಗೆ ಅವುಚಿಕೊಂಡು ಜೀಪು ಹತ್ತಿದೆ.

ಕಲಾದಗಿ, ಕೆರೂರಿನ ಮೇಲೆ ಹಾಯ್ದು ಬಾದಾಮಿ ಸೇರಿದಾಗ ಐದು ದಾಟಿತ್ತು. ಊರೊಳಗೆ ಪ್ರವಾಸಿಗರ ಗಾಡಿಗಳು ಸಿಕ್ಕಿಬಿದ್ದಿದ್ದವು. ಕೊಡೆ ಹಿಡಿದವರು ಮಳೆಯಲ್ಲೇ ಫೋಟೋ ತೆಗೆದುಕೊಳ್ಳುತ್ತಿದ್ದರು. ಜೀಪು ಬಿಟ್ಟು ಓಡಿದೆ. ಅಕ್ಕನನ್ನು ಎತ್ತಿ ಆಗಿತ್ತು, ಓಣಿಯ ತುದಿಯಲ್ಲಿ ಸಿಕ್ಕಳು. ನನ್ನನ್ನು ಕಂಡು ಇಳಿಸಿದರು. ಅವಳ ಮುಖ ನೋಡಿದೆ. ಹಣೆಯ ಮೇಲೆ ಅರಿಶಿನದ ಭಂಡಾರ, ಕಿವಿಯ ಹತ್ತಿರ ಒಂದಿಷ್ಟು ಒಣಗಿದ ಜೋಳದ ಹಿಟ್ಟು, ಯಾರೂ ಒರೆಸಿರಲಿಲ್ಲ. ನಾನು ಬೆರಳಿನಿಂದ ಒರೆಸಿದೆ.

ಸೀರೆ ಹೊದಿಸುವಾಗ ಒಬ್ಬ ಮುದುಕಿ ಸೆರಗನ್ನು ಬೆರಳಲ್ಲಿ ತಿಕ್ಕಿ ನೋಡಿದಳು. “ನೇಕಾರರ ಮನಿ ಸೀರಿ ಏನಿದು?”

“ಹೌದ್ರಿ,” ಎಂದೆ. “ನಮ್ಮಪ್ಪ ನೇಯ್ದದ್ದು.”

ಭಾವ ನನ್ನ ಮುಖ ನೋಡಿ, ಸೆರಗನ್ನು ಮುದುಕಿಯ ಕೈಯಿಂದ ಬಿಡಿಸಿ ಹೊದಿಸಿದರು. ಮಣ್ಣು ಹಾಕುವಾಗ ಮಳೆ ಜೋರಾಯಿತು. ಕುಣಿಯಲ್ಲಿ ನೀರು ಇಳಿಯುತ್ತಿತ್ತು, ಅದನ್ನು ನೋಡುತ್ತಲೇ ನಾವು ಮಣ್ಣು ಹಾಕಿದೆವು.

ಆರೂವರೆಗೆ ಅಪ್ಪನಿಗೆ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದ.

“ಆತು ಯಪ್ಪಾ.”

“ಸೀರಿ ಮುಟ್ಟಿತೇನು?”

ದಾರಿಯುದ್ದಕ್ಕೂ ಈ ಪ್ರಶ್ನೆಗೇ ಉತ್ತರ ಕಟ್ಟಿಕೊಂಡು ಬಂದಿದ್ದೆ. “ಮುಟ್ಟಿತು. ಸೇತುವಿ ಬಿಟ್ರು. ನಿನ್ನ ಸೀರಿನ ಹೊದಿಸೇವಿ.”

“ಛಲೋ ಆತು,” ಎಂದ ಅಪ್ಪ. “ಉಂಡು ಮಲಕೋ.”

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಡೀ ದಿನದಲ್ಲಿ ಒಂದಾದರೂ ಸರಿಯಾದ ಕೆಲಸ ಮಾಡಿದೆ ಅಂದುಕೊಂಡೆ. ಸುಳ್ಳೇ ಇರಲಿ, ಮುದುಕ ಅಷ್ಟನ್ನಾದರೂ ನಂಬಿ ಬದುಕಲಿ. ಗಂಟು ಹೊಳ್ಳಿ ಬಂದರೆ ಡ್ರೈವರನನ್ನು ದಾರಿಯಲ್ಲೇ ಹಿಡಿದು ಇಸಿದುಕೊಂಡರಾಯಿತು ಎಂದು ಲೆಕ್ಕ ಹಾಕಿದೆ. ಮರುದಿನ ನಸುಕಿನ ಬಸ್ಸಿಗೇ ಹೊರಟು, ಬಾಗಲಕೋಟೆ, ಬೀಳಗಿ, ಜಮಖಂಡಿ ಎಂದು ಸುತ್ತಿ, ಬೈಕು ತೆಗೆದುಕೊಂಡು ಮನೆ ಸೇರಿದಾಗ ಹನ್ನೊಂದಾಗಿತ್ತು.

ಬಾಗಿಲು ತೆರೆದೇ ಇತ್ತು. ಅಪ್ಪ ಮಗ್ಗದ ಕುಣಿಯ ಅಂಚಿಗೆ ಕೂತಿದ್ದ. ತೊಡೆಯ ಮೇಲೆ ಬಿಳಿ ಗಂಟು. ಪ್ಲಾಸ್ಟಿಕ್ ಹಾಳೆ ಬಿಚ್ಚಿ ಪಕ್ಕಕ್ಕೆ ಮಡಿಸಿಟ್ಟಿದ್ದ, ಗಂಟು ಬಿಚ್ಚಿರಲಿಲ್ಲ.

ನಾನು ಬಾಗಿಲಲ್ಲೇ ನಿಂತೆ. “ಯಾವಾಗ ಬಂತು?” ಎಂದೆ.

“ನಿನ್ನೆ ನಾಕೂವರಿಗಿ. ಡ್ರೈವರ ಮನಿಗೇ ಬಂದು ಕೊಟ್ಟು ಹ್ವಾದ.”

ನಾನು ಫೋನು ಮಾಡಿದ್ದು ಆರೂವರೆಗೆ. ಸೀರೆ ಮುಟ್ಟಿತೇ ಎಂದು ಅಪ್ಪ ಕೇಳಿದಾಗ ಆ ಸೀರೆ ಅವನ ತೊಡೆಯ ಮೇಲೇ ಇತ್ತು. ನಾನು ಹೊಸ್ತಿಲ ಮೇಲೆ ಕೂತೆ. ತಪ್ಪಾತು ಎನ್ನಲು ಬಾಯಿ ತೆರೆದೆ. ಅಪ್ಪ ಕೈ ಅಡ್ಡ ಹಿಡಿದ. ಅವನ ಕಣ್ಣಲ್ಲಿ ನನ್ನ ಮೇಲೆ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಏನು ಹೊದಿಸಿದ್ರಿ ಆಕಿಗಿ?”

“ಲೋಕಾಪುರದಾಗ ತಗೊಂಡೆ. ಹಸರ, ಕೆಂಪು ದಡಿ.”

“ಪಾಲಿಸ್ಟರ?”

ತಲೆಯಾಡಿಸಿದೆ. ಅಪ್ಪ ಹೊರಗೆ ನೋಡಿದ. ಓಣಿಯ ಪವರ್‌ಲೂಮುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು, ಅವುಗಳ ಮೇಲೆ ಮಳೆಯ ಸಪ್ಪಳ. ಅವನು ಗಂಟನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿಕೊಂಡ.

“ರಾತ್ರೆಲ್ಲಾ ಮಳಿ ಹತ್ತೇತಿ,” ಎಂದ. “ಥಂಡಿ ಆಗಿರತೈತಿ ಆಕಿಗಿ.”